ಆರ್‌ಎಕ್ಸ್ 100: ಹೊಸ ಸೀಲ್ ಹಾಕಿಸಿದ ಮೇಲೂ ಮುಂದಿನ ಫೋರ್ಕ್‌ನಿಂದ ಎಣ್ಣೆ ಸೋರಿಕೆ

ಶಿರಸಿ_ಟೂಸ್ಟ್ರೋಕ್

ಗಾಡಿ 94ರ ಯಮಹಾ ಆರ್‌ಎಕ್ಸ್ 100, ಮುಂದೆ ಡ್ರಮ್ ಬ್ರೇಕ್. ಎಡಗಡೆ ಫೋರ್ಕ್ ಪೈಪ್ ಸುತ್ತ ಎಣ್ಣೆಯ ಉಂಗುರ ಕಟ್ಟುತ್ತೆ, ಧೂಳು ಅಂಟಿ ಕಪ್ಪು ಪೇಸ್ಟ್ ಥರ ಆಗಿ ಬಾಟಮ್ ಕೇಸ್ (ಪೈಪ್ ಜಾರಿ ಒಳಹೋಗೋ ಕೆಳಗಿನ ಕೊಳವೆ) ಮೇಲೆ ಇಳಿಯುತ್ತೆ. ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಸೀಲ್ (ಎಣ್ಣೆ ತಡೆಯೋ ರಬ್ಬರ್ ಉಂಗುರ) ಬದಲಾಯಿಸಿದ್ರು. ಒಳಗೆ ಹಾಕಿದ್ದು 20ಡಬ್ಲ್ಯೂ-40 ಎಂಜಿನ್ ಆಯಿಲ್, ಅಳತೆ ಏನೂ ಇಲ್ಲ, ಡಬ್ಬದಿಂದ ನೇರ ಸುರಿದಿದ್ದು. ಈಗ ಎಡಗಡೆ ಮತ್ತೆ ಶುರುವಾಗಿದೆ. ಜೊತೆಗೆ ಸಣ್ಣ ಗುಂಡಿಗೂ ಹ್ಯಾಂಡಲ್ ಕೈಗೆ ಏಟು ಕೊಡುತ್ತೆ, ಮೊದಲು ಹೀಗಿರಲಿಲ್ಲ.

ಎಡಗಡೆ ಪೈಪ್ ಮೇಲೆ ಸಾಸಿವೆಗಿಂತ ಚಿಕ್ಕ ತುಕ್ಕಿನ ಚುಕ್ಕಿ ನಾಲ್ಕೈದು ಕಾಣಿಸ್ತಿವೆ. ಈ ಸಲ ಮನೆಯಲ್ಲೇ ಬಿಚ್ಚೋಣ ಅಂತ. ಸಾಕೆಟ್ ಸೆಟ್, ಆಲನ್ ಕೀ ಸೆಟ್, ಟಾರ್ಕ್ ರೆಂಚ್ ಇದೆ.

ಕೇಳಬೇಕಿರೋದು: ಒಂದೇ ಕಡೆ ಸೀಲ್ ಸಾಕಾ? ಎಣ್ಣೆ ಯಾವುದು, ಎಷ್ಟು? ಆ ಚುಕ್ಕಿಗಳಿಗೆ ಏನಾದ್ರೂ ಮಾಡಬಹುದಾ ಅಥವಾ ಪೈಪೇ ಬದಲಾಯಿಸಬೇಕಾ? ಬಿಚ್ಚುವಾಗ ಎಲ್ಲಿ ಎಡವಟ್ಟಾಗುತ್ತೆ ಅಂತ ಮೊದಲೇ ಹೇಳಿದ್ರೆ ಉಪಕಾರ.

ಸ್ಪ್ಯಾನರ್ ಸೆಟ್

ಸೀಲ್ ತರೋಕೆ ಮುಂಚೆ ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಖಾತ್ರಿ ಮಾಡ್ಕೊಳ್ಳಿ ಸರ್. ಫೋರ್ಕ್ ಪೂರ್ತಿ ಒರೆಸಿ, ಒಣ ಬಟ್ಟೆಯಲ್ಲಿ ಸ್ವಚ್ಛ ಮಾಡಿ, ಒಂದು ಸುತ್ತು ಓಡಿಸಿ ಬನ್ನಿ. ಪೈಪ್ ಮೇಲೆ ಉಂಗುರ ಬಂದಿದ್ರೆ ಸೀಲ್. ಬಾಟಮ್ ಕೇಸಿನ ತುದಿಯಲ್ಲಿ, ಆಕ್ಸಲ್ ಹತ್ತಿರ ಮಾತ್ರ ಒದ್ದೆ ಇದ್ರೆ ಕೆಳಗಿನ ಆಲನ್ ಬೋಲ್ಟಿನ ತಾಮ್ರದ ವಾಶರ್, ಇಲ್ಲಾ ಡ್ರೈನ್ ಸ್ಕ್ರೂ. ಈ ಎರಡನ್ನೂ ಸೀಲ್ ಅಂದ್ಕೊಂಡು ಫೋರ್ಕ್ ಪೂರ್ತಿ ಬಿಚ್ಚೋರು ತುಂಬಾ ಜನ.

ಸೀಲೇ ಅಂತ ಆದ್ರೂ ಅದು ಹರಿದೇ ಇರಬೇಕು ಅಂತೇನಿಲ್ಲ. ಸೀಲಿನ ತುಟಿಯ (ಪೈಪಿಗೆ ತಾಗೋ ಒಳ ಅಂಚು) ಕೆಳಗೆ ಒಂದು ಮರಳಿನ ಕಣ ಸಿಕ್ಕಿಬಿದ್ರೂ ಸೋರುತ್ತೆ. ಹಳೇ ಎಕ್ಸ್‌ರೇ ಹಾಳೆ ಇದ್ರೆ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ತುದಿಯಲ್ಲಿ ಒಂದು ಪಕ್ಕಕ್ಕೆ ಕೊಕ್ಕೆ ಥರ ಕಚ್ಚು ಮಾಡಿ. ಡಸ್ಟ್ ಸೀಲ್ ಮೇಲಕ್ಕೆ ಎತ್ತಿ, ಪಟ್ಟಿಯನ್ನ ಪೈಪಿಗೂ ಸೀಲಿಗೂ ನಡುವೆ ನಿಧಾನ ತೂರಿಸಿ, ಸುತ್ತ ಒಂದು ರೌಂಡ್ ತಿರುಗಿಸಿ ಎಳೀರಿ. ಕಪ್ಪು ಕೊಳೆ ಬಂದ್ರೆ ಒರೆಸಿ ಇನ್ನೊಂದು ಸಲ. ಹೊಸ ಸೀಲ್ ಸೋರ್ತಿರುವಾಗ ಇದು ಮೊದಲು ಮಾಡಬೇಕಾದ ಕೆಲಸ, ಖರ್ಚು ಸೊನ್ನೆ.

ಆದ್ರೆ ನಿಮ್ಮ ವಿವರ ನೋಡಿದ್ರೆ ಇನ್ನೊಂದು ಅನುಮಾನ ಇದೆ: ಎಣ್ಣೆ ಜಾಸ್ತಿ ಆಗಿದೆ. ಎಣ್ಣೆಯ ಮೇಲೆ ಇರೋ ಗಾಳಿ ಕೂಡ ಸ್ಪ್ರಿಂಗ್ ಥರ ಕೆಲಸ ಮಾಡುತ್ತೆ. ಲೆಕ್ಕ ಸುಲಭ: ಗಾಳಿಯ ಕಂಬ 200 ಮಿ.ಮೀ. ಇದ್ದು ಫೋರ್ಕ್ 100 ಮಿ.ಮೀ. ಒತ್ತಿದ್ರೆ ಗಾಳಿ ಅರ್ಧಕ್ಕೆ ಇಳಿಯುತ್ತೆ, ಒತ್ತಡ ಎರಡು ಪಟ್ಟು. ಎಣ್ಣೆ ಜಾಸ್ತಿ ಹಾಕಿ ಕಂಬ 130 ಮಿ.ಮೀ.ಗೆ ಇಳಿದಿದ್ರೆ ಅದೇ 100 ಮಿ.ಮೀ. ಒತ್ತಿದಾಗ ಉಳಿಯೋದು 30, ಒತ್ತಡ ನಾಲ್ಕು ಪಟ್ಟು ದಾಟುತ್ತೆ. ಆ ಒತ್ತಡಕ್ಕೆ ಒಳ್ಳೇ ಸೀಲ್ ಕೂಡ ಎಣ್ಣೆ ಬಿಡುತ್ತೆ. ಕೈಗೆ ಏಟು ಬರೋದಕ್ಕೂ ಅರ್ಧ ಕಾರಣ ಇದೇ ಇರಬಹುದು, ಇನ್ನರ್ಧ ಆ ದಪ್ಪ ಎಣ್ಣೆ.

ಸೀಲ್ ಎರಡೂ ಕಡೆ ಹಾಕಿ. ಒಂದು ಕಡೆ ಹೊಸ ಎಣ್ಣೆ, ಇನ್ನೊಂದು ಕಡೆ ಹಳೇದು ಅಂದ್ರೆ ಎರಡು ಕಾಲು ಬೇರೆ ಬೇರೆ ಥರ ಕೆಲಸ ಮಾಡುತ್ವೆ. ಸೀಲ್ ಮೇಲೆ ಮೂರು ಅಂಕಿ ಅಚ್ಚಾಗಿರುತ್ತೆ. ಉದಾಹರಣೆಗೆ 30×40.5×10.5 ಅಂತಿದ್ರೆ ಪೈಪಿನ ವ್ಯಾಸ 30, ಹೊರಗಿನ ವ್ಯಾಸ 40.5, ಎತ್ತರ 10.5 ಮಿ.ಮೀ. ಹಳೇ ಗಾಡಿಯಲ್ಲಿ ಯಾರು ಯಾವ ಪೈಪ್ ಹಾಕಿದ್ದಾರೋ ಗೊತ್ತಿರಲ್ಲ. ಅದಕ್ಕೆ ಮಾಡೆಲ್ ಹೆಸರು ಹೇಳಿ ತರೋ ಬದಲು ವರ್ನಿಯರ್‌ನಲ್ಲಿ ಅಳೆದು, ಹಳೇ ಸೀಲ್ ಕೈಯಲ್ಲಿ ಹಿಡಿದು ಹೋಗಿ. ಬೆಂಗಳೂರಿಗೆ ಬರೋದಿದ್ರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ. ಅಂಗಡಿಯಲ್ಲೇ ಸೀಲ್ ತಿರುಗಿಸಿ ನೋಡಿ: ಒಳತುಟಿಯ ಹಿಂದೆ ಸಣ್ಣ ಸುರುಳಿ ಸ್ಪ್ರಿಂಗ್ ಸುತ್ತಲೂ ಸಮ ಕೂತಿರಬೇಕು, ತುಟಿಯ ಅಂಚಿನಲ್ಲಿ ರಬ್ಬರ್ ಸಿಪ್ಪೆ ಇರಬಾರದು. ಎರಡು ತಾಮ್ರದ ವಾಶರ್, ಕ್ಯಾಪಿನ ಎರಡು ಓ-ರಿಂಗ್ ಜೊತೆಗೇ ತನ್ನಿ. ಸೀಲ್ ಮೇಲಿನ ತಂತಿ ಲಾಕ್ ತುಕ್ಕು ಹಿಡಿದಿದ್ರೆ ಅದೂ.

ಬಿಚ್ಚೋ ಕ್ರಮದಲ್ಲಿ ಎರಡು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಒಂದು, ಮೇಲಿನ ಕ್ಯಾಪ್ ಬೋಲ್ಟನ್ನ ಫೋರ್ಕ್ ಇನ್ನೂ ಗಾಡಿಯಲ್ಲಿ ಇರುವಾಗಲೇ ಕಾಲು ಸುತ್ತು ಸಡಿಲ ಮಾಡಿ, ಕೆಳಗಿನ ಟಿ (ಎರಡೂ ಪೈಪ್ ಹಿಡಿಯೋ ಅಡ್ಡಪಟ್ಟಿ) ಬೋಲ್ಟ್ ಬಿಗಿಯಾಗಿರುವಾಗ. ಪೈಪ್ ಹೊರಗೆ ಬಂದ ಮೇಲೆ ಹಿಡಿಯೋಕೆ ಜಾಗ ಇರಲ್ಲ, ಜನ ವೈಸಿಗೆ ಸಿಕ್ಕಿಸಿ ಕ್ರೋಮ್ ಹಾಳು ಮಾಡ್ತಾರೆ. ಎರಡು, ಕೆಳಗಿನ ಆಲನ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿರುವಾಗಲೇ ಸಡಿಲ ಮಾಡಿ. ಸ್ಪ್ರಿಂಗ್ ಒತ್ತಡ ಒಳಗಿನ ಡ್ಯಾಂಪರ್ ರಾಡನ್ನ (ಎಣ್ಣೆ ಹಾಯೋ ತೂತಿರೋ ಕೊಳವೆ) ಹಿಡಿದಿಡುತ್ತೆ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ಜೊತೆ ರಾಡೂ ತಿರುಗೋಕೆ ಶುರು ಮಾಡುತ್ತೆ. ಅದಕ್ಕೆ ಮುಂಚೆ ಬೋಲ್ಟಿನ ತಲೆಯೊಳಗೆ ಗಟ್ಟಿಯಾದ ಮಣ್ಣನ್ನ ಮೊಳೆಯಿಂದ ಪೂರ್ತಿ ಕೆರೆದು ತೆಗೀರಿ. ಕೀ ಅರ್ಧ ಕೂತ್ರೆ ತಲೆ ರೌಂಡ್ ಆಗೋದು ಗ್ಯಾರಂಟಿ.

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ, ಎಂಜಿನ್ ಕೆಳಗೆ ಹಲಗೆ ಇಟ್ಟು ಜ್ಯಾಕ್ ಕೊಡಿ. ಸೈಲೆನ್ಸರ್ ಪೈಪಿನ ಮೇಲೆ ಭಾರ ಬೀಳಬಾರದು. ಬ್ರೇಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಬಿಚ್ಚಿ, ವೀಲ್, ಮಡ್‌ಗಾರ್ಡ್ ತೆಗೆದು, ಟಿ ಬೋಲ್ಟ್ ಸಡಿಲಿಸಿ, ಪೈಪನ್ನ ತಿರುಗಿಸ್ತಾ ಕೆಳಗೆ ಎಳೀರಿ. ಕ್ಯಾಪ್ ಪೂರ್ತಿ ತೆಗೆಯುವಾಗ ಅಂಗೈಯಿಂದ ಒತ್ತಿ ಹಿಡೀರಿ, ಮುಖ ಪಕ್ಕಕ್ಕಿರಲಿ. ಕೊನೆ ಎಳೆ ಬಿಟ್ಟ ಕೂಡಲೇ ಸ್ಪ್ರಿಂಗ್ ಚಿಮ್ಮುತ್ತೆ. ಸ್ಪ್ರಿಂಗಿನ ಒತ್ತು ಸುರುಳಿ ಮೇಲಿತ್ತಾ ಕೆಳಗಿತ್ತಾ ಅಂತ ಫೋಟೋ ತಗೊಳ್ಳಿ, ಹಾಗೇ ವಾಪಸ್ ಹಾಕಬೇಕು.

ಸೀಲ್ ಕೀಳೋದು ಈ ಕೆಲಸದಲ್ಲಿ ಅತಿ ಹೆಚ್ಚು ನಷ್ಟ ಆಗೋ ಜಾಗ. ಬಾಟಮ್ ಕೇಸ್ ಅಲ್ಯೂಮಿನಿಯಂ, ಮೆತ್ತಗೆ. ಸ್ಕ್ರೂ ಡ್ರೈವರ್ ಹಾಕಿ ತಿವಿದ್ರೆ ಸೀಲ್ ಕೂರೋ ಗೋಡೆಯಲ್ಲಿ ಗೀರು ಬೀಳುತ್ತೆ, ಆಮೇಲೆ ಎಷ್ಟು ಒಳ್ಳೇ ಸೀಲ್ ಹಾಕಿದ್ರೂ ಎಣ್ಣೆ ಅದರ ಹೊರಮೈಯಿಂದ ಸೋರುತ್ತೆ. ಮೊದಲು ತಂತಿ ಲಾಕ್ ತೆಗೀರಿ. ತುಕ್ಕಿದ್ರೆ ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಬಿಟ್ಟಿಡಿ. ಆಮೇಲೆ ಕೇಸಿನ ಬಾಯಿಗೆ ಕುದಿಯೋ ನೀರು ಸುರೀರಿ. ಅಲ್ಯೂಮಿನಿಯಂ ಬೇಗ ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ. ಅಂಚಿನ ಮೇಲೆ ಮರದ ತುಂಡು ಇಟ್ಟು, ಅಂಚು ನಯ ಮಾಡಿದ ಟಯರ್ ಲಿವರ್ ಅದರ ಮೇಲೆ ಒರಗಿಸಿ, ಸುತ್ತ ಜಾಗ ಬದಲಾಯಿಸ್ತಾ ಸ್ವಲ್ಪ ಸ್ವಲ್ಪವೇ ಎತ್ತಿ.

ಹುಬ್ಬಳ್ಳಿ ಲೇತ್

ಸೀಲ್ ಆಮ್ಯಾಲ, ಮೊದಲ ಪೈಪ್ ನೋಡ್ರಿ. ಹೊಸ ಸೀಲ್ ಇಷ್ಟು ಲಗೂನ ಸೋರತೈತಿ ಅಂದ್ರ ತಪ್ಪು ಸೀಲಿಂದಲ್ಲ.

ಚುಕ್ಕಿ ಎಲ್ಲಿ ಅದಾವು ಅನ್ನೋದು ಮುಖ್ಯ. ಪೈಪಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಸುತ್ತಿ ಡಸ್ಟ್ ಸೀಲಿಗೆ ತಾಗಿಸಿ ಇಡ್ರಿ. ಹಂಪ್ ಇರೋ ರಸ್ತಾದಾಗ ಒಂದು ರೌಂಡ್ ಹೊಡದು ಬರ್ರಿ. ಟೈ ಎಲ್ಲಿ ನಿಂತಿರತೈತೋ ಅಲ್ಲಿ ತನಕ ಸೀಲ್ ಓಡ್ಯಾಡತೈತಿ. ಅದಕ್ಕಿಂತ ಮ್ಯಾಲಿನ ಚುಕ್ಕಿಗೆ ತಲಿ ಕೆಡಿಸಿಕೊಳ್ಳೂದು ಬ್ಯಾಡ. ಕೆಳಗಿನವು ಮಾತ್ರ ಸೀಲಿನ ತುಟಿ ಕೊಯ್ಯತಾವು.

ಉಗುರು ಆಡಿಸಿ ನೋಡ್ರಿ. ಉಗುರು ತಡೀತೈತಿ ಅಂದ್ರ ಎರಡು ನಮೂನಿ ಇರಬೋದು: ಅಂಚು ಮ್ಯಾಲ ಎದ್ದಿರೂದು, ಇಲ್ಲಾ ತಗ್ಗು ಬಿದ್ದಿರೂದು. ಎದ್ದಿರೂದಕ್ಕ 1500 ನಂಬರ್ ವಾಟರ್ ಪೇಪರ್ ಎಣ್ಣಿ ಹಚ್ಚಿ, ಪೈಪಿನ ಸುತ್ತ ಅಡ್ಡ ತಿಕ್ಕ್ರಿ. ಉದ್ದಕ್ಕ ತಿಕ್ಕಬ್ಯಾಡ್ರಿ, ಉದ್ದ ಗೀರು ಅಂದ್ರ ಎಣ್ಣಿಗೆ ಕಾಲುವಿ ತೋಡಿಕೊಟ್ಟಂಗ. ತಗ್ಗಿದ್ದರ ಥಿನ್ನರಿನ್ಯಾಗ ಒರಿಸಿ, ತುಕ್ಕು ಸೂಜಿಲೆ ಕೆರದು ತಗದು, ಅರಾಲ್ಡೈಟ್ ತುಂಬಿ ಒಂದು ದಿನ ಬಿಡ್ರಿ. ಆಮ್ಯಾಲ ಬ್ಲೇಡಿಲೆ ಸಮ ಮಾಡಿ, 2000 ನಂಬರ್ ಪೇಪರಿಲೆ ಮುಗಿಸ್ರಿ. ಸಾಸಿವಿಗಿಂತ ಸಣ್ಣ ನಾಲ್ಕೈದು ತಗ್ಗಿಗೆ ಇದು ನಡೀತೈತಿ, ವರ್ಷಗಟ್ಟಲೆ ನಡೀತೈತಿ. ಕ್ರೋಮ್ ಪದರಾನ ಸಿಪ್ಪಿ ಎದ್ದಿದ್ರ ನಡಿಯಂಗಿಲ್ಲ.

ಸಿಪ್ಪಿ ಎದ್ದಿದ್ರ ಎರಡ ದಾರಿ, ಹೊಸ ಪೈಪ್ ಇಲ್ಲಾ ಹಾರ್ಡ್ ಕ್ರೋಮ್. ಇಲ್ಲಿ ಒಂದು ಮಾತು ಗಟ್ಟಿ ಹಿಡಕೊಳ್ರಿ. ಮಡ್‌ಗಾರ್ಡಿಗೆ, ಹ್ಯಾಂಡಲ್ಲಿಗೆ ಮಾಡೂ ಶೋ ಕ್ರೋಮ್ ಫೋರ್ಕಿಗೆ ಬರಂಗಿಲ್ಲ. ಅದು ತೆಳು, ಸೀಲ್ ತಿಕ್ಕಿದಂಗ ಹೋಗತೈತಿ. ಹಾರ್ಡ್ ಕ್ರೋಮ್ ಮಾಡೂ ಕಡೆ ಹಳೇ ಪದರ ತಗದು, ದಪ್ಪ ಕ್ರೋಮ್ ಏರಿಸಿ, ಸೆಂಟರ್‌ಲೆಸ್ ಗ್ರೈಂಡಿಂಗಿನ್ಯಾಗ ಮೂಲ ಅಳತಿಗೆ ತರತಾರ. ಗ್ರೈಂಡಿಂಗ್ ಮಾಡಂಗಿಲ್ಲ ಅಂದ್ರ ಅಲ್ಲಿ ಕೊಡಬ್ಯಾಡ್ರಿ.

ಬೆಂಡ್ ನೋಡ್ರಿ. ದಪ್ಪ ಗಾಜಿನ ಮ್ಯಾಲ ಪೈಪ್ ಉರುಳಿಸಿದ್ರ ಕೆಳಗ ಬೆಳಕು ಕಾಣತೈತಿ. ಪೈಪ್ ಕೂಡ್ರಿಸೂ ವಿ-ಬ್ಲಾಕ್, ಬಾಗು ಅಳೆಯೂ ಡಯಲ್ ಗೇಜ್ ಇದ್ರ ಇನ್ನೂ ಖರೇ: ಮುಳ್ಳು ಆಡಿದ್ದರ ಅರ್ಧ ಬಾಗು, ಅದು 0.2 ಮಿ.ಮೀ. ದಾಟಬಾರದು. ಪ್ರೆಸ್ಸಿನ್ಯಾಗ ಹಾಕಿ ಬೆಂಡ್ ತಗಸೂದು ಭಾಳ ಕಡೆ ಐತಿ, ಸಣ್ಣ ಬೆಂಡಿಗೆ ಅಡ್ಡಿಯಿಲ್ಲ. ಪೈಪ್ ಸುಕ್ಕಾಗಿದ್ರ, ಕ್ರೋಮ್ ಸೀಳಿದ್ರ ಒಗೀರಿ.

ಕಡೀಕ ಬಾಟಮ್ ಕೇಸ್. ಈ ಗಾಡ್ಯಾಗ ಬ್ಯಾರೆ ಬುಶ್ (ಪೈಪ್ ಜಾರೂ ಬಳಿ) ಇಲ್ಲ, ಪೈಪ್ ನೇರ ಅಲ್ಯೂಮಿನಿಯಂ ಮ್ಯಾಲ ಜಾರತೈತಿ. ಮೂವತ್ತು ವರ್ಷದಾಗ ಕೇಸಿನ ಬಾಯಿ ಮೊಟ್ಟಿ ಆಕಾರ ಆಗಿರತೈತಿ, ಹೆಚ್ಚಾಗಿ ಹಿಂದ-ಮುಂದ. ಬ್ರೇಕ್ ಹಿಡಿದಾಗ ಅದ ದಿಕ್ಕಿಗೆ ಒತ್ತಡ ಬೀಳತೈತಲ್ಲ. ಸೀಲ್, ಸ್ಪ್ರಿಂಗ್ ಇಲ್ಲದ ಪೈಪ್ ಒಳಗ ಹಾಕಿ, ಮುಕ್ಕಾಲು ಪಾಲು ಹೊರಗೆಳದು ಹಿಂದ-ಮುಂದ ಅಲ್ಲಾಡಿಸ್ರಿ. ಟಕ್ ಟಕ್ ಅಂತ ಆಟ ಕೈಗೆ ಹತ್ತಿದ್ರ ಎಂಥಾ ಸೀಲ್ ಹಾಕಿದ್ರೂ ತಾಳಂಗಿಲ್ಲ, ಯಾಕಂದ್ರ ಸೀಲ್ ಎಣ್ಣಿ ತಡಿಯೂ ಸಾಮಾನು, ಪೈಪ್ ಹಿಡಿಯೂ ಸಾಮಾನಲ್ಲ. ಕೇಸ್ ಬೋರ್ ಮಾಡಿ ಗನ್ ಮೆಟಲ್ ಬುಶ್ ಕೂಡಿಸಬೋದು, ಆದ್ರ ಬೋರ್ ಸೀಲಿನ ಮನಿ ಜೋಡಿ ಒಂದ ಸೆಂಟರಿಗೆ ಬರಬೇಕು. ಒಂದ ಸೆಟ್ಟಿಂಗಿನ್ಯಾಗ ಮಾಡಿದ್ರ ಮಾತ್ರ ಬರತೈತಿ. ಚಲೋ ಸ್ಥಿತಿಯ ಹಳೇ ಕೇಸ್ ಸಿಕ್ರ ಅದ ಅಗ್ಗ.

ಶಿರಸಿ_ಟೂಸ್ಟ್ರೋಕ್

ಇಬ್ಬರಿಗೂ ಥ್ಯಾಂಕ್ಸ್. ಬಲಗಡೆ ಕಾಲು ಸುಲಭವಾಗಿ ಬಿಚ್ಚಿಕೊಂಡಿತು, ಪೈಪಿನಲ್ಲಿ ಆಟ ಇಲ್ಲ. ಹೊರಗೆ ಬಂದ ಎಣ್ಣೆ ಬೂದುಬಣ್ಣ, ನೊರೆನೊರೆ. ಎಡಗಡೆ ಕೆಳಗಿನ ಆಲನ್ ಬೋಲ್ಟ್ ಸುಮ್ಮನೆ ಸುತ್ತುತ್ತಿದೆ, ಹೊರಗೆ ಬರ್ತಿಲ್ಲ. ಸ್ಪ್ರಿಂಗ್ ಒಳಗೇ ಇದೆ, ಕ್ಯಾಪ್ ಹಾಕೇ ಇದೆ.

ಸ್ಪ್ಯಾನರ್ ಸೆಟ್

ರಾಡ್ ಜೊತೆಗೆ ತಿರುಗ್ತಿದೆ. ಹಿಂದೆ ಹಾಕಿದವರು ಥ್ರೆಡ್ ಲಾಕ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಜಾಸ್ತಿ ಸುರಿದಿರಬೇಕು. ಈ ಕ್ರಮದಲ್ಲಿ ನೋಡಿ.

ಮೊದಲು ಒತ್ತಡ ಹೆಚ್ಚಿಸಿ. ಪೈಪಿನ ಮೇಲ್ತುದಿ ನೆಲದ ಮೇಲೆ ದಪ್ಪ ಬಟ್ಟೆಗೆ ಊರಿ, ಆಲನ್ ಬೋಲ್ಟ್ ಮೇಲಕ್ಕೆ ಬರೋ ಹಾಗೆ ಫೋರ್ಕ್ ತಲೆಕೆಳಗೆ ನಿಲ್ಲಿಸಿ. ಒಬ್ಬರು ಬಾಟಮ್ ಕೇಸ್ ಮೇಲೆ ಮೈಭಾರ ಹಾಕಿ ಒತ್ತಲಿ, ಇನ್ನೊಬ್ಬರು ಬೋಲ್ಟ್ ತಿರುಗಿಸಿ. ನಿಧಾನ ತಿರುಗಿಸಿದ್ರೆ ಬರಲ್ಲ, ಚಟ್ ಅಂತ ಜರ್ಕ್ ಕೊಡಬೇಕು. ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಇಂಪ್ಯಾಕ್ಟ್ ಗನ್ ಇದ್ರೆ ಅಲ್ಲಿಗೇ ತಗೊಂಡು ಹೋಗಿ, ಎರಡು ಸೆಕೆಂಡಿನ ಕೆಲಸ. ತಿರುಗೋದಕ್ಕಿಂತ ಬಡಿತ ವೇಗವಾಗಿರೋದ್ರಿಂದ ರಾಡಿಗೆ ಜೊತೆಗೆ ತಿರುಗೋಕೆ ಸಮಯ ಸಿಗಲ್ಲ.

ಅದಕ್ಕೂ ಬಗ್ಗದಿದ್ರೆ ಶಾಖ. ಬೋಲ್ಟಿನ ತಲೆಗೆ ದಪ್ಪ ಸೋಲ್ಡರಿಂಗ್ ಐರನ್ ಎರಡು ಮೂರು ನಿಮಿಷ ಒತ್ತಿ ಹಿಡೀರಿ, ಥ್ರೆಡ್ ಲಾಕ್ ಮೆತ್ತಗಾಗುತ್ತೆ. ಎಣ್ಣೆ ಒಳಗಿರುವಾಗ, ಕ್ಯಾಪ್ ಮುಚ್ಚಿರುವಾಗ ಗ್ಯಾಸ್ ಜ್ವಾಲೆ ಬೇಡವೇ ಬೇಡ.

ಕೊನೆಗೆ ಕೋಲು. ಕ್ಯಾಪ್, ಸ್ಪ್ರಿಂಗ್ ತೆಗೆದು ಎಣ್ಣೆ ಬಗ್ಗಿಸಿ. ಪೊರಕೆ ಹಿಡಿ ಅಥವಾ ಗಟ್ಟಿ ಮರದ ಕೋಲಿನ ತುದಿಯನ್ನ ಪೆನ್ಸಿಲ್ ಥರ ಮೊನಚು ಮಾಡಿ, ಪೈಪ್ ಒಳಗೆ ಬಿಟ್ಟು, ಡ್ಯಾಂಪರ್ ರಾಡಿನ ತಲೆಯ ತೂತಿಗೆ ಸುತ್ತಿಗೆಯಲ್ಲಿ ಎರಡು ಏಟು ಹೊಡೆದು ಬಿಗಿ ಮಾಡಿ. ಒಬ್ಬರು ಕೋಲು ಹಿಡಿಯಲಿ, ಇನ್ನೊಬ್ಬರು ಬೋಲ್ಟ್. ಮರದ ಚೂರು ಒಳಗೆ ಉಳಿಯುತ್ತೆ, ಆಮೇಲೆ ಡೀಸೆಲ್‌ನಲ್ಲಿ ಚೆನ್ನಾಗಿ ತೊಳೀರಿ.

ರಾಡ್ ಹೊರಗೆ ಬಂದಾಗ ಅದರ ಕೆಳತುದಿಗೆ ಕೂರೋ ಶಂಕುವಿನಾಕಾರದ ತುಂಡು, ಆಯಿಲ್ ಲಾಕ್ ಪೀಸ್, ಬಾಟಮ್ ಕೇಸ್ ಒಳಗೇ ಅಂಟಿಕೊಂಡು ಉಳಿದಿರುತ್ತೆ. ಕೇಸ್ ಕವುಚಿ ತಟ್ಟಿ ತೆಗೀರಿ. ಅದನ್ನ ಮರೆತು ಜೋಡಿಸಿದ್ರೆ ಫೋರ್ಕ್ ಪೂರ್ತಿ ಒತ್ತಿದಾಗ ತಳಕ್ಕೆ ಠಣ್ ಅಂತ ಬಡಿಯುತ್ತೆ.

ಬೂದುಬಣ್ಣ ಅಂದ್ರಲ್ಲ, ಅದು ಅಲ್ಯೂಮಿನಿಯಂ ಸವೆದ ಪುಡಿ. ಜೊತೆಗೆ ನೀರೂ ಸೇರಿದ್ರೆ ಎಣ್ಣೆ ಹಾಲಿನ ಥರ ಬೆಳ್ಳಗಾಗುತ್ತೆ. ಆಟ ಇಲ್ಲ ಅಂದ ಮೇಲೆ ಗಾಬರಿ ಬೇಡ, ಆದ್ರೆ ಎಣ್ಣೆಯನ್ನ ಇಷ್ಟು ಹಳೇದಾಗೋಕೆ ಬಿಡಬಾರದು.

ಕಡಲತಡಿ ರೈಡರ್

ಎಣ್ಣೆಯ ವಿಷಯದಲ್ಲಿ ನನ್ನದೊಂದು ತಕರಾರು ಉಂಟು. ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ 20ಡಬ್ಲ್ಯೂ-40 ಹಾಕುವುದೇ. ಹಿಂದೆ ಇಬ್ಬರು ಕೂತು, ಮೂಟೆ ಹೇರಿ ಹೋಗುವವರಿಗೆ ತೆಳು ಎಣ್ಣೆ ಹಾಕಿದರೆ ಬ್ರೇಕ್ ಹಿಡಿದಾಗ ಮೂತಿ ನೆಲಕ್ಕೆ ಮುಟ್ಟುತ್ತದೆ ಮಾರಾಯ್ರೆ. ದಪ್ಪ ಎಣ್ಣೆ ಸೋರುವುದೂ ಕಡಿಮೆ.

ಇನ್ನೊಂದು, ಕರಾವಳಿ, ಮಲೆನಾಡಿನವರು ಪೈಪಿಗೆ ರಬ್ಬರ್ ಬೂಟ್ ಹಾಕಿ. ಇಲ್ಲಿ ಉಪ್ಪುಗಾಳಿಗೆ ಕ್ರೋಮ್ ಬೇಗ ಚುಕ್ಕಿ ಬೀಳುತ್ತದೆ, ಅಲ್ಲಿ ಕೆಂಪು ಮಣ್ಣು ಪೈಪಿನ ಮೇಲೆ ಒಣಗಿ ಉಪ್ಪುಕಾಗದದ ಹಾಗೆ ಸೀಲ್ ತಿನ್ನುತ್ತದೆ. ಆದರೆ ಬೂಟಿನ ಕೆಳಗಿನ ಮಡಿಕೆಯಲ್ಲಿ ಹಿಂದಿನ ಬದಿಗೆ ಎರಡು ಸಣ್ಣ ತೂತು ಇರಲೇಬೇಕು. ಇಲ್ಲದಿದ್ದರೆ ಒಳಗೆ ಸೇರಿದ ನೀರು ಹೊರಗೆ ಹೋಗದೆ, ಹೊರಗೆ ಚಂದ, ಒಳಗೆ ತುಕ್ಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎತ್ತಿ ಒರೆಸಿ ನೋಡಬೇಕು.

ಸ್ಪ್ಯಾನರ್ ಸೆಟ್

ಬೂಟ್ ವಿಷಯ ಪೂರ್ತಿ ಒಪ್ಪಿಗೆ. ಎಣ್ಣೆ ವಿಷಯ ಒಪ್ಪಲ್ಲ.

ಈ ಫೋರ್ಕ್‌ನಲ್ಲಿ ಎಣ್ಣೆ ರಾಡಿನ ಸಣ್ಣ ತೂತುಗಳ ಮೂಲಕ ನುಗ್ಗುವಾಗ ಬರೋ ತಡೆಯೇ ಡ್ಯಾಂಪಿಂಗ್. ವೇಗ ಎರಡು ಪಟ್ಟಾದ್ರೆ ಆ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತೆ. ಅಂದ್ರೆ ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನ ಇಳಿಯೋದ್ರಿಂದ ದಪ್ಪ ಎಣ್ಣೆ ಅಲ್ಲಿ ಕೊಡೋ ಲಾಭ ಚಿಕ್ಕದು. ಗುಂಡಿಗೆ ಬಿದ್ದಾಗ ಚಕ್ರ ರಪ್ ಅಂತ ಮೇಲೇಳುತ್ತಲ್ಲ, ಆಗ ಎಣ್ಣೆಗೆ ತೂತಿನಲ್ಲಿ ಹೋಗೋಕೆ ಆಗದೆ ಏಟು ಸೀದಾ ಕೈಗೆ ಬರುತ್ತೆ. ಶಿರಸಿಯವರು ಹೇಳ್ತಿರೋದು ಅದನ್ನೇ. ಭಾರ ಹೇರೋರಿಗೆ ಬೇಕಾಗಿರೋದು ದಪ್ಪ ಎಣ್ಣೆ ಅಲ್ಲ, ಕುಗ್ಗದ ಸ್ಪ್ರಿಂಗ್. ಹಳೇ ಸ್ಪ್ರಿಂಗಿನ ಉದ್ದ ಅಳೆದು ಮ್ಯಾನುಯಲ್ ಮಿತಿಗಿಂತ ಕಡಿಮೆ ಇದ್ರೆ ಜೋಡಿ ಬದಲಾಯಿಸಿ. ಎಂಜಿನ್ ಆಯಿಲ್ ಈ ಕೆಲಸಕ್ಕೆ ಮಾಡಿದ್ದೂ ಅಲ್ಲ, ಬೇಗ ನೊರೆ ಕಟ್ಟುತ್ತೆ. ನೊರೆ ಆದ್ರೆ ತೂತಿನಲ್ಲಿ ಹೋಗೋದು ಎಣ್ಣೆ ಅಲ್ಲ, ಗಾಳಿ. ದಪ್ಪ ಎಣ್ಣೆ ಸೋರಲ್ಲ ಅನ್ನೋದು ಸೋರಿಕೆಯನ್ನ ನಾಲ್ಕು ದಿನ ಮುಂದೂಡೋ ದಾರಿ, ಅಷ್ಟೇ.

10ಡಬ್ಲ್ಯೂ ಫೋರ್ಕ್ ಆಯಿಲ್ ಹಾಕಿ. ಫೋರ್ಕ್ ಆಯಿಲ್ ಮೇಲಿನ ಡಬ್ಲ್ಯೂ ಅಂಕಿ ಎಲ್ಲ ಕಂಪನಿಯಲ್ಲೂ ಒಂದೇ ದಪ್ಪ ಅಲ್ಲ. ನಿಖರವಾಗಿ ಹೋಲಿಸಬೇಕಂದ್ರೆ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ) ಅಂತ ನೋಡಿ, 30ರ ಆಸುಪಾಸು ಇದ್ದದ್ದು ಈ ಗಾಡಿಗೆ ಚೆನ್ನ. ಫೋರ್ಕ್ ಆಯಿಲ್ ಸಿಗದ ಊರಲ್ಲಿ ಕಾರು, ಟ್ರ್ಯಾಕ್ಟರ್ ಪವರ್ ಸ್ಟೀರಿಂಗ್‌ಗೆ ಹಾಕೋ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಆಯಿಲ್) ನಡೆಯುತ್ತೆ, ಅದರ ದಪ್ಪ ಅಲ್ಲೇ ಬರುತ್ತೆ. ಬ್ರೇಕ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಬೇಡ, ಸೀಲಿನ ರಬ್ಬರ್ ಊದಿಕೊಳ್ಳುತ್ತೆ.

ಎಷ್ಟು ಅನ್ನೋದನ್ನ ಸರ್ವಿಸ್ ಮ್ಯಾನುಯಲ್‌ನಿಂದಲೇ ತಗೊಳ್ಳಿ. 100ರಿಂದ 150 ಸಿಸಿ ಗಾಡಿಗಳಲ್ಲಿ ಒಂದು ಕಾಲಿಗೆ ಸಾಮಾನ್ಯವಾಗಿ 130ರಿಂದ 180 ಮಿ.ಲೀ. ನಡುವೆ ಇರುತ್ತೆ, ಅರ್ಧ ಲೀಟರ್ ತಂದ್ರೆ ಎರಡಕ್ಕೂ ಸಾಕು. ಪೂರ್ತಿ ಬಿಚ್ಚಿ ಒಣಗಿಸಿದಾಗಿನ ಅಳತೆ ಬೇರೆ, ಡ್ರೈನ್ ಸ್ಕ್ರೂನಿಂದ ಇಳಿಸಿದಾಗಿನದು ಬೇರೆ. ಎರಡನೇದರಲ್ಲಿ ಗೋಡೆಗೆ ಅಂಟಿದ ಹಳೇ ಎಣ್ಣೆ ಒಳಗೇ ಇರುತ್ತೆ, ಅದಕ್ಕೆ ಸ್ವಲ್ಪ ಕಮ್ಮಿ. ಔಷಧಿ ಅಂಗಡಿಯ 50 ಮಿ.ಲೀ. ಸಿರಿಂಜ್ ತಗೊಳ್ಳಿ, ಗುರುತಿನ ಲೋಟಕ್ಕಿಂತ ಅದು ನಂಬಿಕಸ್ತ.

ಸುರಿದ ಮೇಲೆ ಸ್ಪ್ರಿಂಗ್ ಹಾಕದೆ ಪೈಪನ್ನ ಎಂಟು ಹತ್ತು ಸಲ ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಗಾಳಿಗುಳ್ಳೆ ಹೋಗಲಿ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ. ಆಮೇಲೆ ಪೈಪ್ ಪೂರ್ತಿ ಒಳಗೆ ಒತ್ತಿ, ಪೈಪಿನ ಬಾಯಿಯಿಂದ ಎಣ್ಣೆಯ ಮೇಲ್ಮೈಗೆ ಎಷ್ಟು ಅಂತ ಸ್ಟೀಲ್ ಸ್ಕೇಲ್ ಇಳಿಸಿ ನೋಡಿ. ಎರಡೂ ಕಾಲಿನಲ್ಲಿ ಒಂದೆರಡು ಮಿ.ಮೀ. ಒಳಗೆ ಸಮ ಇರಬೇಕು. ಇದನ್ನೊಂದು ಸರಿ ಮಾಡಿದ್ರೆ ಗಾಡಿ ಒಂದು ಕಡೆ ಎಳೆಯೋ ದೂರು ಅರ್ಧ ಕಡಿಮೆ.

ಶಿರಸಿ_ಟೂಸ್ಟ್ರೋಕ್

ಇಂಪ್ಯಾಕ್ಟ್ ಗನ್‌ಗೆ ಎಡಗಡೆ ಬೋಲ್ಟ್ ಬಂತು. ಒಳಗಿನ ಹಳೇ ಸೀಲ್ ಓರೆಯಾಗಿ ಕೂತಿತ್ತು, ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ. ಚುಕ್ಕಿಗಳಲ್ಲಿ ಎರಡು ಮಾತ್ರ ಸೀಲ್ ಓಡಾಡೋ ಜಾಗದಲ್ಲಿವೆ, ಅರಾಲ್ಡೈಟ್ ತುಂಬಿಟ್ಟಿದ್ದೇನೆ. ಹೊಸ ಸೀಲ್ ನೆಟ್ಟಗೆ ಕೂರಿಸೋದು ಹೇಗೆ? ಬ್ರೇಕ್ ಶೂ ಮೇಲೂ ಸ್ವಲ್ಪ ಎಣ್ಣೆ ಕಾಣ್ತಿದೆ.

ಹುಬ್ಬಳ್ಳಿ ಲೇತ್

ಓರೆ ಕುಂತಿತ್ತು ಅಂದ್ರ ಹಿಂದಿನವರು ಸ್ಕ್ರೂ ಡ್ರೈವರಿಲೆ ಒಂದೊಂದ ಪಕ್ಕ ಬಡದಾರ. ಸೀಲಿನ ಹೊರ ವ್ಯಾಸಕ್ಕಿಂತ ಕೂದಲೆಳಿ ಕಮ್ಮಿ ಇರೋ ಪಿವಿಸಿ ಪೈಪಿನ ತುಂಡು ತಗೊಂಡು, ತುದಿ ಸಪಾಟ ಮಾಡ್ರಿ. ಹಳೇ ಸೀಲನ್ನ ಒಂದು ಕಡೆ ಕತ್ತರಿಸಿ ಹೊಸದರ ಮ್ಯಾಲ ಇಡ್ರಿ. ಹಂಗಾದ್ರ ಪೆಟ್ಟು ಹೊಸಾ ಸೀಲಿಗೆ ನೇರ ಬೀಳಂಗಿಲ್ಲ, ಕತ್ತರಿಸಿದ್ದಕ್ಕ ಹಳೇದು ಒಳಗ ಸಿಕ್ಕಿಬೀಳೂದೂ ಇಲ್ಲ.

ಸ್ಪ್ಯಾನರ್ ಸೆಟ್

ಮುಂದುವರಿಸ್ತೀನಿ. ಮೊದಲು ರಾಡ್, ಪೈಪ್, ಆಯಿಲ್ ಲಾಕ್ ಪೀಸ್ ಎಲ್ಲ ಬಾಟಮ್ ಕೇಸ್ ಒಳಗೆ ಹೋಗಲಿ. ಆಲನ್ ಬೋಲ್ಟಿಗೆ ಹೊಸ ತಾಮ್ರದ ವಾಶರ್, ಎಳೆಗೆ ನೀಲಿ ಥ್ರೆಡ್ ಲಾಕ್ ಒಂದೇ ಹನಿ, ಬಿಗಿ ಸುಮಾರು 20 ನ್ಯೂಟನ್ ಮೀಟರ್. ಬಿಗಿ ಮಾಡುವಾಗ ರಾಡ್ ತಿರುಗಿದ್ರೆ ಸ್ಪ್ರಿಂಗ್, ಕ್ಯಾಪ್ ತಾತ್ಕಾಲಿಕವಾಗಿ ಹಾಕಿಕೊಳ್ಳಿ.

ಪೈಪಿನ ಮೇಲ್ತುದಿಯ ಅಂಚು ಹರಿತ ಇರುತ್ತೆ, ಹೊಸ ಸೀಲಿನ ತುಟಿ ಕೊಯ್ಯೋದು ಅಲ್ಲೇ. ನಂದಿನಿ ಹಾಲಿನ ಖಾಲಿ ಪ್ಯಾಕೆಟ್ ಒಳಗೂ ಹೊರಗೂ ತೊಳೆದು, ಪೈಪಿನ ಬಾಯಿಗೆ ಟೋಪಿ ಥರ ಹಾಕಿ, ಮೇಲೆ ಫೋರ್ಕ್ ಆಯಿಲ್ ಸವರಿ. ಸೀಲಿನ ತುಟಿಗೂ ಎಣ್ಣೆ ಹಚ್ಚಿ. ಅಂಕಿ ಇರೋ ಮುಖ ಮೇಲಕ್ಕೆ, ಸುರುಳಿ ಸ್ಪ್ರಿಂಗ್ ಕಾಣೋ ಮುಖ ಕೆಳಕ್ಕೆ, ಅಂದ್ರೆ ಎಣ್ಣೆಯ ಕಡೆಗೆ. ತಿರುಗಿಸ್ತಾ ಇಳಿಸಿ, ಪ್ಯಾಕೆಟ್ ತೆಗೀರಿ. ಅರಾಲ್ಡೈಟ್ ಹಾಕಿದ ಜಾಗ ದಾಟುವಾಗ ಬೆರಳಲ್ಲಿ ಮುಟ್ಟಿ ನೋಡಿ, ಚೂರು ಎತ್ತರ ಅನ್ನಿಸಿದ್ರೂ ಸೀಲ್ ವಾಪಸ್ ತೆಗೆದು ಪೇಪರ್ ಹಾಕಿ.

ಪಿವಿಸಿ ತುಂಡಿನಿಂದ ಸಣ್ಣ ಸಣ್ಣ ಏಟು, ಸುತ್ತ ಸಮ. ಸೀಲ್ ತಳಕ್ಕೆ ಮುಟ್ಟಿದ ಕೂಡಲೇ ಸದ್ದು ಬದಲಾಗುತ್ತೆ, ಮೊದಲು ಮಂದ, ಆಮೇಲೆ ಗಟ್ಟಿ ಲೋಹದ ಸದ್ದು. ತಂತಿ ಲಾಕ್ ಕೂರೋ ತೋಡು ಸುತ್ತಲೂ ಪೂರ್ತಿ ಕಾಣಿಸಬೇಕು. ಒಂದು ಕಡೆ ಅರ್ಧ ಮುಚ್ಚಿದ್ರೆ ಸೀಲ್ ಇನ್ನೂ ಓರೆ ಇದೆ ಅಂತ ಅರ್ಥ, ಲಾಕ್ ಒತ್ತಾಯದಿಂದ ತುರುಕಬೇಡಿ.

ಗಾಡಿಗೆ ಏರಿಸುವಾಗ ಎರಡೂ ಪೈಪ್ ಒಂದೇ ಎತ್ತರ. ಮೊದಲು ಕೆಳಗಿನ ಟಿ ಬೋಲ್ಟ್ ಬಿಗಿ ಮಾಡಿ, ಆಮೇಲೆ ಕ್ಯಾಪ್. ಮಡ್‌ಗಾರ್ಡ್ ಬೋಲ್ಟ್ ಸಡಿಲವಾಗೇ ಇರಲಿ. ವೀಲ್ ಹಾಕಿ, ಆಕ್ಸಲ್ ನಟ್ ಕೈಬಿಗಿ ಮಾಡಿ, ಗಾಡಿ ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹತ್ತು ಸಲ ಫೋರ್ಕ್ ಒತ್ತಿ. ಎರಡು ಕಾಲು ತಮ್ಮ ಜಾಗಕ್ಕೆ ಬಂದ ಮೇಲೆ ಆಕ್ಸಲ್, ಮಡ್‌ಗಾರ್ಡ್ ಪೂರ್ತಿ ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಇದ್ರೆ ಹೊಸದು ಹಾಕಿ. ಈ ಕ್ರಮ ತಪ್ಪಿದ್ರೆ ಕಾಲುಗಳು ಒಂದಕ್ಕೊಂದು ತಿರುಚಿ ನಿಲ್ಲುತ್ವೆ, ಸೀಲಿನ ಒಂದು ಪಕ್ಕ ಬೇಗ ಸವೆಯುತ್ತೆ.

ಬ್ರೇಕ್ ಶೂ ಮೇಲೆ ಎಣ್ಣೆ ಮೇಲ್ಮೈಯಲ್ಲಿ ಮಾತ್ರ ಇದ್ರೆ ಪೆಟ್ರೋಲ್‌ನಲ್ಲಿ ಒರೆಸಿ, ಪೇಪರ್ ಉಜ್ಜಿದ್ರೆ ಸಾಕು. ಲೈನಿಂಗ್ ಒಳಗೆ ಇಳಿದು ಕಪ್ಪಾಗಿದ್ರೆ ಜೋಡಿ ಹೊಸದು ಹಾಕಿ, ಒಣಗಿಸಿದ್ರೂ ಬಿಸಿಯಾದಾಗ ಎಣ್ಣೆ ಮತ್ತೆ ಹೊರಗೆ ಬರುತ್ತೆ. ಡ್ರಮ್ ಒಳಗೂ ಒರೆಸಿ.

ಇದೊಂದನ್ನ ಎರಡು ಸಲ ನೋಡಿ: ಬ್ರೇಕ್ ಪ್ಲೇಟಿನ ಕಚ್ಚು ಬಾಟಮ್ ಕೇಸಿನ ಉಬ್ಬಿನ ಮೇಲೆ ಕೂತಿರಲೇಬೇಕು. ಅದು ತಪ್ಪಿ ಹಾಕಿದ್ರೆ ಮೊದಲ ಜೋರು ಬ್ರೇಕಿಗೆ ಪ್ಲೇಟ್ ಚಕ್ರದ ಜೊತೆ ತಿರುಗಿ, ಕೇಬಲ್ ಕಿತ್ತು, ಚಕ್ರ ಲಾಕ್ ಆಗುತ್ತೆ. ಮೊದಲ ಸುತ್ತು ಮನೆ ಮುಂದಿನ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಪೈಪ್ ಮೇಲೆ ತೆಳು ಎಣ್ಣೆಯ ಹೊಳಪು ಒಂದೆರಡು ದಿನ ಕಾಣಿಸುತ್ತೆ, ಜೋಡಿಸುವಾಗ ಹಚ್ಚಿದ್ದು ಅದು. ಒರೆಸಿ. ನೂರು ಕಿ.ಮೀ. ಆದ ಮೇಲೂ ಉಂಗುರ ಕಟ್ಟಿದ್ರೆ ಅರಾಲ್ಡೈಟ್ ಹಾಕಿದ ಜಾಗದ ಫೋಟೋ ಇಲ್ಲಿ ಹಾಕಿ.